ಕಡ್ಡಿಯ ತುದಿಯ ಮೀನು

ನನ್ನ ಭಾವನಿಗೆ ನಂಬಿಕೆ ಅನ್ನುವುದು ಹುಟ್ಟಿನಿಂದಲೇ ಇರಲಿಲ್ಲವೋ ಅಥವಾ ಬಸ್ಸಿನ ಕೆಲಸ ಅದನ್ನು ಕಿತ್ತುಕೊಂಡಿತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮೊದಲ ಸಲ ನಮ್ಮ ಮನೆಗೆ ಬಂದಾಗ ಅಕ್ಕ ಕೊಟ್ಟ ಕಾಫಿಯನ್ನು ಮೂಸಿ ನೋಡಿ ಕುಡಿದಿದ್ದರು. ಹಾಲಿನ ಪೊಟ್ಟಣವನ್ನು ಬೆಳಕಿಗೆ ಹಿಡಿಯುವುದು, ಮೊಟ್ಟೆಯನ್ನು ಕಿವಿಯ ಪಕ್ಕ ಅಲ್ಲಾಡಿಸುವುದು, ಹಾಕಿದ ಬೀಗವನ್ನು ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಜಗ್ಗುವುದು, ಇವೆಲ್ಲ ಅವರಿಗೆ ಉಸಿರಾಟದಷ್ಟು ಸಹಜ. ನಾನು ಹೊಲಿಗೆಯವಳು. ನಾನು ಹೊಲಿದುಕೊಟ್ಟ ಅಂಗಿಯನ್ನೂ ಅವರು ಮೇಜಿನ ಮೇಲೆ ಹರಡಿ, ಒಂದು ತೋಳಿನ ಮೇಲೆ ಇನ್ನೊಂದು ತೋಳಿಟ್ಟು ನೋಡಿಯೇ ತೊಡುತ್ತಿದ್ದರು. ಒಂದು ಸಲವೂ ಹೆಚ್ಚು ಕಡಿಮೆ ಸಿಗಲಿಲ್ಲ. ಯಾಕೆ ಸಿಗುತ್ತಿಲ್ಲ ಅನ್ನುವುದು ಅವರ ಇನ್ನೊಂದು ಅನುಮಾನ.

ಅವರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಓಣಿಯಲ್ಲಿ ಅವರ ಹೆಸರೇ ಚೆಕಿಂಗ್ ಆಗಿಹೋಗಿತ್ತು. ಎದುರಿಗೆ ಚೆಕಿಂಗ್ ಸಾರ್, ಬೆನ್ನ ಹಿಂದೆ ಬರೀ ಚೆಕಿಂಗ್. ಆದರೆ ಅವರು ಕೂಗಾಡುವ ಪೈಕಿ ಅಲ್ಲ. ಟಿಕೆಟ್ ಇಲ್ಲದವನು ಸಿಕ್ಕಿದರೆ ಅವನ ಕಿವಿಯ ಹತ್ತಿರ ಬಗ್ಗಿ, ಪಕ್ಕದವರಿಗೂ ಕೇಳಿಸದ ಹಾಗೆ, “ಎಲ್ಲಿ ಹತ್ತಿದ್ದು?” ಅಂತ ಕೇಳಿ ಸುಮ್ಮನೆ ನಿಂತುಬಿಡುತ್ತಿದ್ದರಂತೆ. ಆ ನಿಲ್ಲುವುದನ್ನು ತಡೆಯಲಾರದೆ ಜನ ತಾವಾಗಿಯೇ ಬಾಯಿ ಬಿಡುತ್ತಿದ್ದರಂತೆ. ಮನೆಯಲ್ಲೂ ಅದೇ ಪ್ರಶ್ನೆ. ಒಂದು ಲೋಟ ಒಡೆದರೂ, ಸಕ್ಕರೆ ಬೇಗ ಮುಗಿದರೂ, ಅಕ್ಕನ ಹಿಂದೆ ಬಂದು “ಎಲ್ಲಿ ಹತ್ತಿದ್ದು?” ಅನ್ನುವರು. ಅಕ್ಕ ಮಾತ್ರ ಜಗ್ಗುವವಳಲ್ಲ. ಕೈಯಲ್ಲಿದ್ದ ಕೆಲಸ ಬಿಡದೆ, “ನಿಮ್ಮ ಬಸ್ಸಲ್ಲಂತೂ ಅಲ್ಲ” ಅಂದುಬಿಡುವಳು.

ಆ ಕಾಲದಲ್ಲಿ ತಪಾಸಣೆಯವರಿಗೆಲ್ಲ ಟಿಕೆಟ್ಟಿಗೆ ತೂತು ಹಾಕುವ ಒಂದೊಂದು ಪಂಚು ಕೊಡುತ್ತಿದ್ದರು. ಯಾರು ಯಾವ ಟಿಕೆಟ್ ನೋಡಿದರು ಅಂತ ಗೊತ್ತಾಗಲಿ ಎಂದು ಒಬ್ಬೊಬ್ಬರದ್ದು ಒಂದೊಂದು ಆಕಾರ. ಭಾವನದ್ದು ಮೀನು. ಬೇಳೆಕಾಳಿನಷ್ಟು ಸಣ್ಣದು, ಬಾಲ ಸಮೇತ. ಯಂತ್ರದ ಟಿಕೆಟ್ ಬಂದಮೇಲೆ ಪಂಚಿಗೆ ಕೆಲಸ ಇಲ್ಲವಾಯಿತು, ಆಮೇಲೆ ಭಾವನಿಗೂ ವಯಸ್ಸಾಗಿ ನಿವೃತ್ತಿಯಾಯಿತು. ಪಂಚು ಮಾತ್ರ ಅವರ ಮೇಜಿನ ಖಾನೆಯಲ್ಲಿ ಉಳಿಯಿತು. ಆಗಾಗ ಅದಕ್ಕೆ ನನ್ನ ಹೊಲಿಗೆ ಯಂತ್ರದ ಎಣ್ಣೆಯನ್ನೇ ಕೇಳಿ ಹಾಕಿಕೊಳ್ಳುವರು.

ನನ್ನ ಗಂಡ ಹೋದ ಮೇಲೆ ನಾನು ಯಂತ್ರದೊಂದಿಗೆ ಇವರ ಮನೆ ಸೇರಿದೆ. ಬಂದ ದಿನ ಭಾವ ಯಂತ್ರದ ಖಾನೆಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನೋಡಿಯಾದ ಮೇಲೆ, ತಾವು ಮಲಗುತ್ತಿದ್ದ ಮುಂದಿನ ಕೋಣೆಯನ್ನು, ಬೀದಿಗೆ ದೊಡ್ಡ ಕಿಟಕಿ ಇರುವುದನ್ನು, ಹೊಲಿಗೆಗೆ ಬೆಳಕು ಬೇಕಲ್ಲ ಎಂದು ನನಗೆ ಬಿಟ್ಟುಕೊಟ್ಟು ಹಿಂದಿನ ಕತ್ತಲೆ ಕೋಣೆಗೆ ತಮ್ಮ ಮಂಚ ಎಳೆದುಕೊಂಡು ಹೋದರು. ಅಂಥ ಮನುಷ್ಯನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಅವರು ಲೋಕದಲ್ಲಿ ಪರೀಕ್ಷೆ ಮಾಡದೆ ಬಾಯಿಗೆ ಹಾಕುತ್ತಿದ್ದದ್ದು ಒಂದೇ, ಸಾಟೇ. ಮಾಂಸದ ಸಣ್ಣ ಪಟ್ಟಿಗಳನ್ನು ಮಸಾಲೆಯಲ್ಲಿ ನೆನೆಸಿ, ಬಿದಿರಿನ ಕಡ್ಡಿಗೆ ಪೋಣಿಸಿ, ಕೆಂಡದ ಮೇಲೆ ಸುಟ್ಟು, ಕಡಲೆಕಾಯಿ ಬೀಜದ ಗೊಜ್ಜಿನಲ್ಲಿ ಅದ್ದಿ ತಿನ್ನುವುದು. ಬಸ್ ಡಿಪೋದ ಮೂಲೆಯಲ್ಲಿ ಒಂದು ಗಾಡಿ. ಗಾಡಿಯವನನ್ನು ಎಲ್ಲರೂ ಕೆಂಡಣ್ಣ ಅನ್ನುವುದು. ಅವನು ಚರ್ಮದ ಸಮೇತ ಕೊಬ್ಬಿನ ತುಂಡುಗಳನ್ನು ಆರಿಸಿ ಪೋಣಿಸುತ್ತಿದ್ದ. ಸಕ್ಕರೆ ಕಲಸಿದ ಎಣ್ಣೆಯನ್ನು ಮೇಲಿಂದ ಬಳಿಯುತ್ತಿದ್ದ. ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕಿ ಭುಸ್ ಎಂದು ಹೊಗೆ ಎದ್ದಾಗ ಭಾವನ ಮುಖದಲ್ಲಿ ಒಂದು ಶಾಂತಿ ಬರುತ್ತಿತ್ತು. ಕೆಲಸ ಮುಗಿಸಿ ಬರುವ ದಿನಗಳಲ್ಲೆಲ್ಲ ಅದೇ ಅವರ ಸಂಜೆಯ ತಿಂಡಿ.

ಒಂದು ದಿನ ಮೆಟ್ಟಿಲು ಹತ್ತುವಾಗ ಅವರಿಗೆ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ಕೊಬ್ಬು, ಉಪ್ಪು, ಸಕ್ಕರೆ, ಕರಕಲು ಎಲ್ಲಕ್ಕೂ ಅಡ್ಡಗೆರೆ ಎಳೆದರು. ಈ ಸಲ ಹೃದಯ ಎಚ್ಚರಿಕೆ ಕೊಟ್ಟಿದೆ, ಮುಂದಿನ ಸಲ ಕೊಡದೆಯೂ ಇರಬಹುದು ಅಂದರು. ಡಾಕ್ಟರು ಅತಿ ಮಾಡುತ್ತಿದ್ದಾರೆ ಎಂದು ಭಾವನ ಅನುಮಾನ. ಅಕ್ಕನಿಗೆ ಆ ಅನುಮಾನ ಇರಲಿಲ್ಲ. ಭಾವನ ಅಣ್ಣ ಹೆಚ್ಚು ಕಡಿಮೆ ಇದೇ ವಯಸ್ಸಿನಲ್ಲಿ ಊಟದಿಂದೆದ್ದು ಕೈ ತೊಳೆಯಲು ಹೋದವರು ಬಚ್ಚಲಿನಲ್ಲೇ ಕುಸಿದುಬಿದ್ದಿದ್ದರು. ಸದ್ದು ಕೇಳಿ ಮೊದಲು ಓಡಿಹೋದವಳು, ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ಅಕ್ಕ. ಅವತ್ತಿನಿಂದ ಬಚ್ಚಲಲ್ಲಿ ನೀರಿನ ಸದ್ದು ನಿಂತರೆ ಸಾಕು, ಅವಳ ಕಿವಿ ನೆಟ್ಟಗಾಗುತ್ತಿತ್ತು.

ಸಾಟೇ ಬೇಡ ಅಂದರೆ ಈ ಮನುಷ್ಯ ಕೇಳುವುದಿಲ್ಲ, ಮನೆಯಲ್ಲೇ ಮಾಡಿದರೆ ಆಯಿತು ಎಂದು ಅಕ್ಕ ಪಟ್ಟು ಹಿಡಿದಳು. ಚರ್ಮ ತೆಗೆದ ಕೋಳಿಯ ಎದೆಯ ಮಾಂಸ ತಂದು ಬೆರಳಗಲದ ಪಟ್ಟಿಗಳಾಗಿ ಕುಯ್ದಳು. ಮೊದಲ ಸಲದ್ದು ಒಣಗಿ ಸೀಮೆಸುಣ್ಣದ ಹಾಗಿತ್ತು, ನಾನೇ ನೀರು ಕುಡಿದು ನುಂಗಿದೆ. ಎರಡನೆಯ ಸಲ ಗಟ್ಟಿ ಮೊಸರಿಗೆ ಅರಿಸಿನ, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಶುಂಠಿ ಅರೆದು ಹಾಕಿ, ನಿಂಬೆಹುಲ್ಲಿನ ಬಿಳಿ ಬುಡವನ್ನು ಜಜ್ಜಿ ಸೇರಿಸಿ, ಅದರಲ್ಲಿ ಮಾಂಸವನ್ನು ಬೆಳಗಿನಿಂದ ನೆನೆಹಾಕಿದಳು. ಮೆತ್ತಗಾಯಿತು. ಕಡ್ಡಿಗಳು ಸುಡದಿರಲೆಂದು ಅವನ್ನೂ ನೀರಲ್ಲಿ ಮುಳುಗಿಸಿಟ್ಟಳು. ಕಬ್ಬಿಣದ ಕಾವಲಿಗೆ ಒಂದೇ ತೊಟ್ಟು ಎಣ್ಣೆ ಸವರಿ, ಮುಚ್ಚಳ ಹಾಕಿ, ಹೊರಳಿಸಿ ಹೊರಳಿಸಿ ಬೇಯಿಸಿದಳು. ಗೊಜ್ಜಿಗೆ ಹುರಿದ ಕಡಲೆಕಾಯಿಯನ್ನು ತರಿತರಿಯಾಗಿ ರುಬ್ಬಿ, ತೆಂಗಿನ ಹಾಲಿನ ಬದಲು ಹುಣಸೆ ರಸದಲ್ಲಿ ಸಡಿಲಿಸಿ, ಚೂರೇ ಚೂರು ಬೆಲ್ಲ. ಉಪ್ಪು ಕಮ್ಮಿಯಾಗಿದ್ದು ಗೊತ್ತಾಗದಿರಲೆಂದು ಇನ್ನಷ್ಟು ನಿಂಬೆ. ನಿಜ ಹೇಳುತ್ತೇನೆ, ಚೆನ್ನಾಗಿತ್ತು.

ಭಾವ ಒಂದು ಕಡ್ಡಿಯನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದರು. ಮೂಸಿದರು. ಒಂದು ತುಂಡು ಅಗಿದು, ಹೊಗೆ ಇಲ್ಲ ಅಂದರು. ಗೊಜ್ಜಿನ ಮೇಲೆ ಎಣ್ಣೆ ತೇಲಬೇಕು, ಇದು ತೇಲುತ್ತಿಲ್ಲ ಅಂದರು. ಇದು ರೋಗಿಯ ಸಾಟೇ, ಕೆಂಡಣ್ಣನ ಕೈ ನಿನಗೆಲ್ಲಿ ಬರಬೇಕು ಅಂತ ತಟ್ಟೆ ಸರಿಸಿದರು. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಎದ್ದು ಹೋಗಿ ಆ ಗೊಜ್ಜನ್ನು ಅವರ ತಲೆಯ ಮೇಲೆ ಸುರಿಯಬೇಕು ಅನ್ನಿಸಿತ್ತು.

ಆಮೇಲೆ ಒಂದು ವಿಚಿತ್ರ ನಡೆಯಿತು. ಭಾವ ದೂರುವುದನ್ನೇ ನಿಲ್ಲಿಸಿಬಿಟ್ಟರು. ಮನೆಯಲ್ಲಿ ಸಾಟೇ ಮಾಡಿದ ದಿನ ಒಂದೆರಡು ಕಡ್ಡಿ ತೆಪ್ಪಗೆ ತಿಂದು ಏಳುವರು. ಡಾಕ್ಟರು ನಡೆಯಲು ಹೇಳಿದ್ದಾರೆಂದು ಸಂಜೆ ಸಂಜೆ ಹುರುಪಿನಿಂದ ಚಪ್ಪಲಿ ಮೆಟ್ಟುವರು. ಹಾಸಿಗೆಯಿಂದ ಎದ್ದು ಬಚ್ಚಲಿಗೆ ನಡೆಯಲು ಗೊಣಗುವ ಮನುಷ್ಯನಿಗೆ ಇದೆಲ್ಲಿಯ ನಡಿಗೆಯ ಹುಚ್ಚು? ಗುಂಡಿ ಹಚ್ಚಲು ಅವರ ಅಂಗಿ ನನ್ನ ಕೈಗೆ ಬಂದಾಗ ಕಾಲರಿನಲ್ಲಿ ಹೊಗೆಯ ವಾಸನೆ ಬಂತು. ನಾನು ಅಕ್ಕನಿಗೆ ತೋರಿಸಿದೆ. ಬೀದಿಯಲ್ಲಿ ಯಾರೋ ಕಸ ಸುಟ್ಟಿರಬೇಕು ಅಂದಳು. ಅಷ್ಟು ಬೇಗ ಉತ್ತರ ಕೊಟ್ಟಿದ್ದು ನೋಡಿ ನನಗೆ ಅಕ್ಕನ ಮೇಲೂ ಸಣ್ಣಗೆ ಅನುಮಾನ ಹುಟ್ಟಿತು.

ಯಾಕೆಂದರೆ ಅಕ್ಕನೂ ಹೊರಗೆ ಹೋಗತೊಡಗಿದ್ದಳು. ಮಧ್ಯಾಹ್ನ ಭಾವ ನಿದ್ದೆ ಹೋದಮೇಲೆ ಸ್ಟೀಲ್ ಡಬ್ಬಿಯೊಂದನ್ನು ಚೀಲದಲ್ಲಿಟ್ಟುಕೊಂಡು, ಕೊನೆಯ ಮನೆಯ ಅಜ್ಜಿಗೆ ಮೈ ಸರಿಯಿಲ್ಲ, ನೋಡಿ ಬರುತ್ತೇನೆ ಅನ್ನುವಳು. ನನ್ನ ಕಿಟಕಿಯಿಂದ ಓಣಿ ಪೂರ್ತಿ ಕಾಣುತ್ತದೆ. ಕೊನೆಯ ಮನೆ ಎಡಗಡೆ. ಅಕ್ಕ ಪ್ರತಿಸಲ ಬಲಕ್ಕೆ ತಿರುಗುತ್ತಿದ್ದಳು. ಒಂದು ದಿನ ಆ ಅಜ್ಜಿಯೇ ಕುಪ್ಪಸದ ಅಳತೆ ಕೊಡಲು ಗಟ್ಟಿಮುಟ್ಟಾಗಿ ನಡೆದುಬಂದು, ನಿನ್ನ ಅಕ್ಕ ಎಲ್ಲಮ್ಮ, ಮುಖವನ್ನೇ ಮರೆತುಬಿಟ್ಟೆ ಅಂದಳು. ಭಾವ ಅಲ್ಲೇ ಬಾಗಿಲ ಹತ್ತಿರ ಪತ್ರಿಕೆ ಓದುತ್ತಿದ್ದರು. ಪತ್ರಿಕೆಯ ಹಾಳೆ ತಿರುಗಲಿಲ್ಲ.

ಅದೇ ವಾರ ಕಡ್ಡಿಗಳ ವಿಷಯ ಎದ್ದಿತು. ಹಿಡಿಯುವ ಕಡೆ ಬೆರಳಿಗೆ ಸಿಗುವಂತೆ ಚಪ್ಪಟೆಯಾಗಿರುವ ಬಿದಿರಿನ ಕಡ್ಡಿಗಳು ಅವು, ಕಟ್ಟು ಕಟ್ಟಾಗಿ ಬರುತ್ತವೆ. ತಂದ ಕಟ್ಟು ಇಷ್ಟು ಬೇಗ ಕರಗಿದ್ದು ಹೇಗೆ ಎಂದು ಭಾವ ಅಡುಗೆಮನೆಯಲ್ಲಿ ನಿಂತು ಯೋಚಿಸಿದರು. ಮೊದಲ ಅನುಮಾನ ನನ್ನ ಮೇಲೇ ಬಂತು. ನಾನು ಯಂತ್ರ ತುಳಿಯುತ್ತಿದ್ದಾಗ ಹಿಂದೆ ಬಂದು ನಿಂತು, ಕಿವಿಯ ಹತ್ತಿರ ಬಗ್ಗಿ, “ಎಲ್ಲಿ ಹತ್ತಿದ್ದು?” ಅಂದರು. ಅವರ ಪಾಲಿನ ಸಾಟೇ ನಾನು ಕದ್ದು ತಿನ್ನುತ್ತಿದ್ದೇನಂತೆ. ನಾನು ಯಂತ್ರ ನಿಲ್ಲಿಸಿದೆ. ಇನ್ನು ಮುಂದೆ ಈ ಮನೆಯಲ್ಲಿ ಕಡ್ಡಿಗೆ ಚುಚ್ಚಿದ ಯಾವುದನ್ನೂ ನಾನು ಮುಟ್ಟುವುದಿಲ್ಲ ಅಂತ ಹೇಳಿದೆ, ಹೇಳಿದಂತೆ ನಡೆದೂಬಿಟ್ಟೆ. ಹಾಗಾದರೂ ಕಡ್ಡಿಗಳು ಕರಗುವುದು ನಿಲ್ಲಲಿಲ್ಲ.

ನಾನಲ್ಲ ಅಂತಾದಮೇಲೆ ಉಳಿದವಳು ಅಕ್ಕ. ಭಾವ ಮಂಕಾದರು. ಊಟದ ಹೊತ್ತಿಗೆ ಅಕ್ಕನ ಕೈಯನ್ನೇ ನೋಡುವರು, ಅವಳು ನೋಡಿದರೆ ಕಣ್ಣು ತಪ್ಪಿಸುವರು. ಒಂದು ಬೆಳಿಗ್ಗೆ ನನ್ನ ಕೋಣೆಗೆ ಬಂದು, ಬಟ್ಟೆಯ ತುಂಡುಗಳನ್ನು ಸುಮ್ಮನೆ ಮಡಿಸುತ್ತ, ಬಹಳ ಹೊತ್ತಾದಮೇಲೆ ಕೇಳಿದರು.

“ನಿಮ್ಮಕ್ಕ ಯಾರಿಗೋ ಊಟ ಕೊಡ್ತಾ ಇದ್ದಾಳೆ. ನಿಂಗೆ ಗೊತ್ತಾ?”

ಇಷ್ಟು ವರ್ಷ ಲೋಕವನ್ನೆಲ್ಲ ಅನುಮಾನಿಸಿದ ಮನುಷ್ಯ, ಆದರೆ ಈ ಒಂದು ಅನುಮಾನ ನಿಜವಾದರೆ ಅವರು ಉಳಿಯುವುದಿಲ್ಲ ಅಂತ ನನಗೆ ಆಗ ಹೊಳೆಯಿತು. ಹೆದರಿಕೆಯಾಯಿತು. ಅದೆಲ್ಲ ಏನಿಲ್ಲ ಅಂದೆ. ಏನಿಲ್ಲ ಎಂದು ನನಗೇ ನಂಬಿಕೆ ಇರಲಿಲ್ಲ.

ಅವತ್ತು ಅಕ್ಕ ಸ್ನಾನಕ್ಕೆ ಹೋದಾಗ ಹಿತ್ತಲಿನಿಂದ ಕಟ್ ಕಟ್ ಸದ್ದು ಬಂತು. ಇಣುಕಿ ನೋಡಿದೆ. ಭಾವ ಕಡ್ಡಿಗಳ ಕಟ್ಟನ್ನು ಬಿಚ್ಚಿಕೊಂಡು, ಪ್ರತಿಯೊಂದರ ಚಪ್ಪಟೆ ತುದಿಗೂ ತಮ್ಮ ಪಂಚಿನಿಂದ ಮೀನು ಕೊರೆಯುತ್ತಿದ್ದರು. ಮುಗಿದಮೇಲೆ ಮತ್ತೆ ಮೊದಲಿನಂತೆ ಕಟ್ಟಿ, ಮೊದಲಿದ್ದ ಜಾಗದಲ್ಲೇ ಇಟ್ಟರು. ಅಕ್ಕನಿಗೆ ಹತ್ತಿರದ್ದು ಕಾಣುವುದಿಲ್ಲ, ಹಬೆಗೆ ಮಂಜಾಗುತ್ತದೆಂದು ಅಡುಗೆಮನೆಯಲ್ಲಿ ಕನ್ನಡಕವನ್ನೂ ಹಾಕುವುದಿಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತು. ಅವರ ಲೆಕ್ಕಾಚಾರ ಸುಲಭದ್ದು. ಮೀನಿನ ಗುರುತಿನ ಕಡ್ಡಿ ಯಾವ ಮನೆಯ ಕಸದ ಬುಟ್ಟಿಯಲ್ಲಿ ಸಿಗುತ್ತದೋ, ಅಕ್ಕನ ಡಬ್ಬಿ ಹೋಗುವುದು ಅಲ್ಲಿಗೇ. ಎರಡು ಬೆಳಿಗ್ಗೆ ಅವರು ಓಣಿಯ ಬುಟ್ಟಿಗಳನ್ನೆಲ್ಲ ಕೊಡೆಯ ತುದಿಯಿಂದ ಕೆದಕುತ್ತಾ ಹೋಗಿದ್ದನ್ನು ನಾನೇ ಕಂಡೆ. ಮೊಮ್ಮಗನ ಚೆಂಡು ಹುಡುಕುತ್ತಿದ್ದೇನೆ ಅಂತ ಎದುರುಮನೆಯವರಿಗೆ ಹೇಳಿದರಂತೆ. ಅವರಿಗೆ ಮೊಮ್ಮಗನೂ ಇಲ್ಲ, ಚೆಂಡೂ ಇಲ್ಲ.

ಬುಟ್ಟಿಗಳಲ್ಲಿ ಏನೂ ಸಿಗಲಿಲ್ಲ. ಈ ಹುಡುಕಾಟದ ಚಿಂತೆಯಲ್ಲಿ ಸಂಜೆಯ ನಡಿಗೆಯನ್ನೇ ಬಿಟ್ಟಿದ್ದ ಅವರು ಎರಡನೆಯ ದಿನ ಸಂಜೆ ಮತ್ತೆ ನಡೆಯಲು ಹೊರಟಾಗ, ಇವರಿಬ್ಬರ ಗುಟ್ಟು ಇವತ್ತು ರಟ್ಟಾಗಲೇಬೇಕು ಎಂದು ನಾನೂ ಯಂತ್ರಕ್ಕೆ ಮುಸುಕು ಹಾಕಿ ಹಿಂದೆಯೇ ಹೊರಟೆ. ಅವರು ಒಂದು ಸಲ ತಿರುಗಿ ನೋಡಿದರು, ನಾನು ಚಪ್ಪಲಿ ರಿಪೇರಿಯವನ ಮರೆಗೆ ಸರಿದೆ. ನಾನು ಅಂದುಕೊಂಡಂತೆಯೇ ಆಯಿತು. ಭಾವ ನೇರ ಡಿಪೋದ ಮೂಲೆಗೆ ಹೋಗಿ, ಬೀದಿಗೆ ಬೆನ್ನು ಹಾಕಿ, ಗಾಡಿಯ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತರು. ನಾನು ಗಾಡಿಯ ಆಚೆ ಬದಿಗೆ ಸುತ್ತಿ ಬಂದು, ಮಾತು ಕೇಳಿಸುವಷ್ಟು ಹತ್ತಿರದಲ್ಲಿ, ನಿಂತಿದ್ದ ಬಸ್ಸೊಂದರ ಮರೆಗೆ ಸೇರಿಕೊಂಡೆ. ಕೆಂಡಣ್ಣ ಏನೂ ಕೇಳಲಿಲ್ಲ. ಎಲ್ಲರ ಕಡ್ಡಿಗಳಿದ್ದ ತಟ್ಟೆ ಬಿಟ್ಟು, ಗಾಡಿಯ ಕೆಳಗಿನ ಅರೆಯಿಂದ ಬೇರೆ ಒಂದಿಷ್ಟು ಕಡ್ಡಿ ತೆಗೆದು, ಕೆಂಡದ ಅಂಚಿನಲ್ಲಿ, ಉರಿ ತಾಗದ ಕಡೆ, ನಿಧಾನವಾಗಿ ಬಿಸಿ ಮಾಡಿದ.

ಮೊದಲ ತುಂಡು ಬಾಯಿಗೆ ಹೋದಾಗ ಭಾವನ ಭುಜಗಳು ಸಡಿಲವಾದವು. ಹಾ ಕೆಂಡಣ್ಣ, ಇದಪ್ಪಾ ಸಾಟೇ, ಮನೆಯಲ್ಲೂ ಮಾಡುತ್ತಾರೆ ಒಂದು ಅಂತ ಏನೋ ಹೇಳಲು ಹೊರಟವರು ಮಧ್ಯದಲ್ಲೇ ನಿಂತರು. ಅವರ ಹೆಬ್ಬೆರಳು ಕಡ್ಡಿಯ ತುದಿಯ ಮೇಲೆ ಆಡುತ್ತಿತ್ತು. ಜೀವಮಾನವೆಲ್ಲ ಆ ತೂತನ್ನು ಸವರಿದ ಬೆರಳು ಅದು. ಅವರು ಎದ್ದು, ಗಾಡಿಯ ಬಲ್ಬಿನ ಕೆಳಗೆ ಕಡ್ಡಿಯನ್ನು ಹಿಡಿದರು. ಇನ್ನೊಂದನ್ನು ಎತ್ತಿದರು. ಮತ್ತೊಂದು. ಕೆಂಡಣ್ಣ ಬೀಸಣಿಗೆಯನ್ನು ಜೋರಾಗಿ ಬೀಸುತ್ತ ಕೆಂಡದಲ್ಲೇ ಕಣ್ಣಿಟ್ಟಿದ್ದ.

ಭಾವ ಅವನನ್ನು ಬೈಯಲಿಲ್ಲ. ಹತ್ತಿರ ಬಗ್ಗಿ ಏನೋ ಕೇಳಿದರು, ಏನೆಂದು ನನಗೆ ಗೊತ್ತೇ ಇತ್ತು. ಕೆಂಡಣ್ಣ ಸ್ವಲ್ಪ ಹೊತ್ತು ತಡೆದುಕೊಂಡ, ಆಮೇಲೆ ಎಲ್ಲ ಹೇಳಿಬಿಟ್ಟ. ನಿಮ್ಮ ಮನೆಯ ಅಮ್ಮನವರು ಬಂದಿದ್ದರು. ನನ್ನ ಗಂಡನಿಗೆ ಇಲ್ಲ ಅನ್ನಬೇಡ, ಅಂದರೆ ಬೇರೆ ಗಾಡಿಗೆ ಹೋಗುತ್ತಾರೆ, ಆದರೆ ಕೊಡುವುದು ನಾನು ತಂದಿದ್ದನ್ನೇ ಕೊಡು ಅಂದರು. ಗೊಜ್ಜೂ ಅವರದ್ದೇ. ಇದರಲ್ಲೇನೋ ಮಸಲತ್ತಿದೆ ಎಂದು ತನಗೇ ಅನುಮಾನ ಬಂದು, ಮೊದಲ ದಿನ ಅಮ್ಮನವರಿಗೇ ಒಂದು ಕಡ್ಡಿ ತಿನ್ನಿಸಿ ನೋಡಿದ್ದಂತೆ. ಅಕ್ಕ ಅಲ್ಲೇ ನಿಂತು ತಿಂದಳಂತೆ.

ನಾನು ಒಳದಾರಿಯಿಂದ ಓಡಿ ಮನೆ ಸೇರಿ, ಏನೂ ಗೊತ್ತಿಲ್ಲದವಳ ಹಾಗೆ ಯಂತ್ರದ ಮುಂದೆ ಕೂತೆ. ಭಾವ ಬಂದರು. ನನ್ನನ್ನು ನೋಡಲೂ ಇಲ್ಲ. ನೇರ ಅಡುಗೆಮನೆಗೆ ಹೋಗಿ, ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಕ್ಕನ ಮುಂದೆ ಖಾಲಿ ಕಡ್ಡಿಗಳನ್ನು ಇಟ್ಟು, ತಮ್ಮ ಹಳೆಯ ರೀತಿಯಲ್ಲಿ ಸುಮ್ಮನೆ ನಿಂತರು. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಅಕ್ಕ ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಒಂದು ಕಡ್ಡಿಯನ್ನು ಎತ್ತಿ ಮೀನು ನೋಡಿದಳು. ಇನ್ನೊಂದನ್ನೂ ನೋಡಿದಳು. ಆಮೇಲೆ ಕನ್ನಡಕ ತೆಗೆದಿಟ್ಟು ಅವಳೇ ಕೇಳಿದಳು.

“ಎಲ್ಲಿ ಹತ್ತಿದ್ದು?”

ಭಾವ ಗೋಡೆ ಹಿಡಿದು ಕೆಳಗೆ ಕೂತರು. ಡಿಪೋ ಮೂಲೆಯಲ್ಲಿ, ಆಸ್ಪತ್ರೆಯಿಂದ ಬಂದ ವಾರದಿಂದಲೇ ಎಂದು ಒಪ್ಪಿಕೊಂಡರು. ಗೊತ್ತು ಅಂದಳು ಅಕ್ಕ. ಹಾಗಾದರೆ ಮುಖಕ್ಕೆ ಹೇಳಬಹುದಿತ್ತಲ್ಲ ಎಂದು ಅವರು ಗೊಣಗಿದರು.

“ಹೇಳಿದ್ರೆ ನೀವು ಇನ್ನೂ ದೂರದ ಗಾಡಿ ಹುಡುಕ್ತಿದ್ರಿ” ಅಂದಳು ಅಕ್ಕ. “ನಿಮ್ಮಣ್ಣನ ತಲೆ ಮಡಿಲಲ್ಲಿ ಇಟ್ಕೊಂಡು ಕೂತೋಳು ನಾನು. ನಿಮ್ಮನ್ನ ತಡೆಯೋದು ನನ್ನ ಕೈಲಿ ಆಗಲ್ಲ. ಕದ್ದು ತಿಂದ್ರೂ ಬದುಕಿರ್ಲಿ ಅಂತ ಮಾಡ್ದೆ.”

ಭಾವ ಕಡ್ಡಿಗಳನ್ನು ಒಟ್ಟು ಮಾಡಿ, ಮತ್ತೆ ಬಿಡಿಸಿ, ಮತ್ತೆ ಒಟ್ಟು ಮಾಡಿದರು.

“ನಾನು ನಿನ್ನ ಮೇಲೆ ಏನೇನೋ ಅಂದ್ಕೊಂಡೆ” ಅಂದರು.

“ಅದೂ ಗೊತ್ತು” ಅಂದು ಅಕ್ಕ ಮತ್ತೆ ಬೆಳ್ಳುಳ್ಳಿ ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಬೆಳ್ಳುಳ್ಳಿಗೆ ಯಾರಿಗೂ ಕಣ್ಣೀರು ಬರುವುದಿಲ್ಲ. ನಾನೂ ತಡೆಯಲಾಗದೆ ಬಾಗಿಲ ಹಿಂದೆಯೇ ಅತ್ತುಬಿಟ್ಟೆ.

ಮರುದಿನ ಭಾವ ಮಧ್ಯಾಹ್ನ ಮಲಗಲಿಲ್ಲ. ಅಕ್ಕ ಮಾಂಸ ಪೋಣಿಸುವಾಗ ಪಕ್ಕದಲ್ಲಿ ಕೂತು ಕಡಲೆಕಾಯಿಯ ಸಿಪ್ಪೆ ತಿಕ್ಕಿ ಊದಿದರು. ಗೊಜ್ಜಿಗೆ ಇನ್ನೊಂದು ಚೂರು ಬೆಲ್ಲ ಬೀಳಿಸಲು ನೋಡಿ ಕೈಗೆ ಏಟು ತಿಂದರು. ಸಂಜೆ ಮೂವರೂ ಹೊರಟೆವು. ಡಬ್ಬಿ ಭಾವನ ಕೈಯಲ್ಲಿತ್ತು. ಓಣಿಯವರು ಚೆಕಿಂಗ್ ಸಾರ್ ಎಲ್ಲಿಗೆ ಅಂತ ಕೇಳಿದರೆ, ಸಾಟೇ ತಿನ್ನೋಕೆ ಅಂತ ಎಲ್ಲರಿಗೂ ಹೇಳಿದರು. ನಮ್ಮನ್ನು ಕಂಡು ಕೆಂಡಣ್ಣ ಮೊದಲು ಗಾಬರಿಯಾದ, ಆಮೇಲೆ ಇನ್ನೆರಡು ಸ್ಟೂಲು ಎಳೆದು ಹಾಕಿದ. ಈ ಸಲ ಭಾವ ಬೀದಿಗೆ ಮುಖ ಮಾಡಿ ಕೂತರು.

ಕಡ್ಡಿಗಳು ಬಿಸಿಯಾಗಿ ಬಂದವು. ನನ್ನ ಶಪಥ ಅಂದಿಗೆ ಮುಗಿಯಿತು ಎಂದು ನಾನೂ ಒಂದು ತೆಗೆದುಕೊಂಡೆ. ಅಕ್ಕ ಭಾವನ ಕೈಗೆ ಒಂದು ಕೊಟ್ಟಳು. ಅವರು ದೀಪಕ್ಕೆ ಹಿಡಿಯಲಿಲ್ಲ, ಮೂಸಲಿಲ್ಲ, ತುದಿಯ ಮೇಲೆ ಬೆರಳನ್ನೂ ಆಡಿಸಲಿಲ್ಲ. ಹಾಗೇ ತಿಂದರು. ನಾನು ಮಾತ್ರ ನನ್ನ ಕಡ್ಡಿಯನ್ನು ಒಂದು ಸಲ ತಿರುಗಿಸಿ, ಮೀನು ಇದೆಯೋ ಇಲ್ಲವೋ ನೋಡಿಕೊಂಡೆ.